ತಿರುವಿಗಾಗಿ ಕಟ್ಟುವ ವಿಮಾನ

ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳ ಸ್ಪರ್ಧೆಗಳಲ್ಲಿ ಅತಿ ವೇಗದವುಗಳ ಸಾಲಿಗೆ ಸೇರುವುದು ಪೈಲಾನ್ ರೇಸ್. ಪೈಲಾನ್ ಎಂದರೆ ಮೈದಾನದಲ್ಲಿ ನೆಟ್ಟ ಎತ್ತರದ ಕಂಬ. ಇಂತಹ ಮೂರು ಕಂಬಗಳನ್ನು ನೀಳವಾದ ತ್ರಿಕೋನದ ಮೂರು ಮೂಲೆಗಳಲ್ಲಿ ನಿಲ್ಲಿಸಿ, ಅವುಗಳ ಹೊರಗಿನಿಂದ ಯಾವಾಗಲೂ ಎಡಕ್ಕೆ ತಿರುಗುತ್ತ ಹತ್ತು ಸುತ್ತುಗಳನ್ನು ಅತಿ ಕಡಿಮೆ ಸಮಯದಲ್ಲಿ ಮುಗಿಸಿದ ವಿಮಾನ ಗೆಲ್ಲುತ್ತದೆ. ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟವಾದ ಎಫ್‌ಎಐ ಈ ಸ್ಪರ್ಧೆಯ ಪ್ರಮುಖ ವರ್ಗಕ್ಕೆ ಎಫ್3ಡಿ ಎಂಬ ಹೆಸರಿಟ್ಟಿದೆ. ಅದರಲ್ಲಿ ಎರಡು ಕಂಬಗಳ ನಡುವಿನ ಅಂತರ 40 ಮೀಟರ್, ಮೂರನೆಯದು ಅವೆರಡರಿಂದ ಸುಮಾರು 180 ಮೀಟರ್ ದೂರ. ಹೀಗೆ ಒಂದು ಸುತ್ತಿನ ಲೆಕ್ಕದ ಉದ್ದ 400 ಮೀಟರ್ ಆಗಿ, ಪೂರ್ತಿ ಪಂದ್ಯ 4 ಕಿಲೋಮೀಟರ್ ಆಗುತ್ತದೆ. ನುರಿತ ಸ್ಪರ್ಧಿಗಳು ಈ ದೂರವನ್ನು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ ಮತ್ತು ನೇರ ಹಾದಿಯಲ್ಲಿ ಅವರ ವಿಮಾನಗಳ ವೇಗ ಗಂಟೆಗೆ 300 ಕಿಲೋಮೀಟರನ್ನು ದಾಟುತ್ತದೆ.

ಇಷ್ಟು ವೇಗವನ್ನು ಕಂಡವರ ಗಮನ ಸಹಜವಾಗಿ ಎಂಜಿನಿನ ಕಡೆಗೆ ಹೋಗುತ್ತದೆ. ಆದರೆ ಒಂದೇ ವರ್ಗದ ಎಂಜಿನುಗಳಲ್ಲಿ ಹೆಚ್ಚಿನ ಅಂತರವಿರದಂತೆ ನಿಯಮಗಳೇ ಕಟ್ಟು ಹಾಕಿರುವುದರಿಂದ, ಗೆಲುವು ಸೋಲುಗಳು ನಿರ್ಧಾರವಾಗುವುದು ಬಹುಮಟ್ಟಿಗೆ ತಿರುವುಗಳಲ್ಲಿ. ಈ ಸಂಗತಿ ಮನುಷ್ಯರು ಕುಳಿತು ಹಾರಿಸಿದ ವಿಮಾನಗಳ ಕಾಲದಷ್ಟೇ ಹಳೆಯದು. 1909ರ ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿನ ರೀಮ್ಸ್ ನಗರದ ಬಳಿ ನಡೆದ ಗಾರ್ಡನ್ ಬೆನೆಟ್ ಪಂದ್ಯದಲ್ಲಿ ಅಮೆರಿಕದ ಗ್ಲೆನ್ ಕರ್ಟಿಸ್ ಕಂಬಗಳ ಬಳಿ ವಿಮಾನವನ್ನು ಕಡಿದಾಗಿ ಓರೆ ಮಾಡಿ ಬಿಗಿಯಾಗಿ ತಿರುಗಿಸಿ, 20 ಕಿಲೋಮೀಟರಿನ ಓಟದಲ್ಲಿ ಲೂಯಿ ಬ್ಲೇರಿಯೊನನ್ನು ಕೆಲವೇ ಸೆಕೆಂಡುಗಳ ಅಂತರದಿಂದ ಸೋಲಿಸಿದನು. ಮುಂದೆ 1947ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಗುಡ್‌ಇಯರ್ ಪಾರಿತೋಷಕಕ್ಕಾಗಿ ಆರಂಭವಾದ ಸಣ್ಣ ವಿಮಾನಗಳ ಪಂದ್ಯಗಳು ಮಾದರಿ ತಯಾರಕರಿಗೆ ಸ್ಫೂರ್ತಿಯಾದವು. ಅವುಗಳ ಚಿಕ್ಕ ಪ್ರತಿರೂಪಗಳನ್ನು ಮಾಡಿ ಹಾರಿಸಿದವರಿಂದಲೇ ಅಮೆರಿಕದಲ್ಲಿ ರೇಡಿಯೊ ನಿಯಂತ್ರಿತ ಪೈಲಾನ್ ರೇಸ್ ಬೆಳೆಯಿತು.

ತಿರುವಿನ ಮಹತ್ವವನ್ನು ಶಾಲೆಯ ರೇಖಾಗಣಿತದಿಂದಲೇ ಅರಿಯಬಹುದು. ಒಂದು ಸುತ್ತು ಮುಗಿಯುವಷ್ಟರಲ್ಲಿ ವಿಮಾನವು ಒಟ್ಟು 360 ಡಿಗ್ರಿ ತಿರುಗಿರುತ್ತದೆ. ಆದ್ದರಿಂದ ಒಂದು ವಿಮಾನವು ಮತ್ತೊಂದರ ಹಾದಿಗಿಂತ ಉದ್ದಕ್ಕೂ 5 ಮೀಟರ್ ಹೊರಗೆ ಹಾರಿದರೆ, ಅದರ ಪ್ರತಿ ಸುತ್ತಿನ ಉದ್ದವು 5 ಮೀಟರ್ ತ್ರಿಜ್ಯದ ವೃತ್ತದ ಪರಿಧಿಯಷ್ಟು, ಅಂದರೆ ಸುಮಾರು 31 ಮೀಟರ್, ಹೆಚ್ಚುತ್ತದೆ. ಹತ್ತು ಸುತ್ತಿಗೆ ಇದು 310 ಮೀಟರನ್ನು ಮೀರಿ, ಸೆಕೆಂಡಿಗೆ 80 ಮೀಟರ್ ಸಾಗುವ ವಿಮಾನಕ್ಕೆ ಸುಮಾರು 4 ಸೆಕೆಂಡುಗಳ ನಷ್ಟವಾಗುತ್ತದೆ. ಇದೇ 4 ಸೆಕೆಂಡನ್ನು ಎಂಜಿನಿನಿಂದ ಗಳಿಸಬೇಕಾದರೆ ವೇಗವನ್ನು ಶೇಕಡಾ 7ರಷ್ಟು ಏರಿಸಬೇಕು. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಅಷ್ಟಕ್ಕೆ ಎಂಜಿನಿನ ಶಕ್ತಿ ಶೇಕಡಾ 22ಕ್ಕಿಂತ ಹೆಚ್ಚು ಏರಬೇಕಾಗುತ್ತದೆ. ಅಷ್ಟು ಹೆಚ್ಚುವರಿ ಶಕ್ತಿ ಯಾವ ಸ್ಪರ್ಧಿಯ ಕೈಯಲ್ಲೂ ಇರುವುದಿಲ್ಲ.

ಹಾಗೆಂದು ತಿರುವನ್ನು ಮನಬಂದಷ್ಟು ಬಿಗಿಗೊಳಿಸಲು ಬರುವುದಿಲ್ಲ. ತಿರುಗಬೇಕಾದಾಗ ಪೈಲಟ್ ಏಲೆರಾನ್ ಎಂಬ ರೆಕ್ಕೆಯಂಚಿನ ಫಲಕಗಳಿಂದ ವಿಮಾನವನ್ನು ಹೆಚ್ಚುಕಡಿಮೆ 90 ಡಿಗ್ರಿ ಮಗ್ಗುಲಾಗಿಸಿ, ಬಾಲದಲ್ಲಿರುವ ಎಲಿವೇಟರ್ ಫಲಕದಿಂದ ಮೂಗನ್ನು ತಿರುವಿನ ಒಳಕ್ಕೆ ಎಳೆಯುತ್ತಾನೆ. ಆಗ ರೆಕ್ಕೆಯ ಎತ್ತುಬಲವೇ, ಅಂದರೆ ಸಾಮಾನ್ಯ ಹಾರಾಟದಲ್ಲಿ ವಿಮಾನವನ್ನು ಮೇಲಕ್ಕೆ ಹಿಡಿದಿಡುವ ಬಲವೇ, ಅದನ್ನು ಕಂಬದ ಸುತ್ತ ಬಾಗಿಸುವ ಬಲವಾಗುತ್ತದೆ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ 25 ಮೀಟರ್ ತ್ರಿಜ್ಯದ ತಿರುವನ್ನು ತೆಗೆದುಕೊಂಡರೆ ಗುರುತ್ವಾಕರ್ಷಣೆಯ 28 ಪಟ್ಟು ವೇಗೋತ್ಕರ್ಷ ಬೇಕಾಗುತ್ತದೆ. ಯುದ್ಧವಿಮಾನಗಳ ಪೈಲಟ್‌ಗಳು ವಿಶೇಷ ಉಡುಪು ತೊಟ್ಟು ತಾಳಿಕೊಳ್ಳುವ ಮಿತಿ ಸುಮಾರು 9 ಪಟ್ಟು ಎಂಬುದನ್ನು ನೆನೆದರೆ ಈ ಸಂಖ್ಯೆಯ ಗಾತ್ರ ತಿಳಿಯುತ್ತದೆ. 2.3 ಕಿಲೋ ತೂಗುವ ಮಾದರಿ ವಿಮಾನದ ರೆಕ್ಕೆ ಆ ಕ್ಷಣದಲ್ಲಿ ಸುಮಾರು 64 ಕಿಲೋ ತೂಕಕ್ಕೆ ಸಮನಾದ ಭಾರವನ್ನು ಹೊರುತ್ತದೆ. ಪಂದ್ಯ ಮುಗಿಯುವವರೆಗೆ ಪ್ರತಿ ಎರಡು ಮೂರು ಸೆಕೆಂಡಿಗೊಮ್ಮೆ ಇದು ಮರುಕಳಿಸುತ್ತದೆ.

ವಿನ್ಯಾಸಕಾರನ ನಿಜವಾದ ಇಕ್ಕಟ್ಟು ಇಲ್ಲಿಂದ ಹುಟ್ಟುತ್ತದೆ. ಎತ್ತುಬಲದ ಜೊತೆಗೆ ಎಳೆತವೂ, ಅಂದರೆ ವಿಮಾನವನ್ನು ಹಿಂದಕ್ಕೆ ಜಗ್ಗುವ ಗಾಳಿಯ ಪ್ರತಿರೋಧವೂ, ಬೆಳೆಯುತ್ತದೆ. ರೆಕ್ಕೆಯ ಕೆಳಗಿನ ಹೆಚ್ಚಿನ ಒತ್ತಡದ ಗಾಳಿಯು ತುದಿಯನ್ನು ಬಳಸಿ ಮೇಲಕ್ಕೆ ಸುರುಳಿ ಸುತ್ತುವುದರಿಂದ ಉಂಟಾಗುವ ಈ ಎಳೆತವು, ವೇಗ ಅಷ್ಟೇ ಇದ್ದಾಗ, ಎತ್ತುಬಲದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ; ಎತ್ತುಬಲ 28 ಪಟ್ಟಾದರೆ ಸುರುಳಿಯ ಎಳೆತ ಸುಮಾರು 780 ಪಟ್ಟಾಗುತ್ತದೆ. ಹಾಗಾಗಿ ಅತಿ ಬಿಗಿಯಾದ ತಿರುವು ದಾರಿಯನ್ನು ಉಳಿಸಿದರೂ ವೇಗವನ್ನು ತಿಂದುಹಾಕುತ್ತದೆ, ಸಡಿಲವಾದ ತಿರುವು ವೇಗವನ್ನು ಉಳಿಸಿದರೂ ದಾರಿಯನ್ನು ಬೆಳೆಸುತ್ತದೆ, ಮತ್ತು ಇವೆರಡರ ನಡುವೆ ಪ್ರತಿಯೊಂದು ವಿಮಾನಕ್ಕೂ ಅದರದೇ ಆದ ಒಂದು ಹದವಿರುತ್ತದೆ. ಆ ಹದವನ್ನು ಹೆಚ್ಚು ಬಿಗಿಯಾದ ತಿರುವಿನ ಕಡೆಗೆ ಸರಿಸಬಲ್ಲ ರೆಕ್ಕೆಯೇ ಒಳ್ಳೆಯ ರೆಕ್ಕೆ.

ಉದ್ದವಾದ, ಕಿರಿದಾದ ರೆಕ್ಕೆಯಲ್ಲಿ ತುದಿಯ ಸುರುಳಿಯ ಪ್ರಭಾವ ಕಡಿಮೆಯಾಗುವುದರಿಂದ ಪಂದ್ಯವಿಮಾನಗಳ ರೆಕ್ಕೆಗಳು ಕ್ರಮೇಣ ನೀಳವಾಗುತ್ತ ಬಂದಿವೆ. ಎಫ್3ಡಿ ನಿಯಮಗಳು ರೆಕ್ಕೆ ಮತ್ತು ಬಾಲದ ಅಡ್ಡಫಲಕಗಳ ಒಟ್ಟು ವಿಸ್ತೀರ್ಣ 34 ಚದರ ಡೆಸಿಮೀಟರಿಗಿಂತ ಕಡಿಮೆಯಾಗಬಾರದು, ಇಂಧನವಿಲ್ಲದ ತೂಕ 2.2 ಕಿಲೋಗಿಂತ ಇಳಿಯಬಾರದು, ರೆಕ್ಕೆಯ ಬುಡದ ದಪ್ಪ ಕನಿಷ್ಠ 22 ಮಿಲಿಮೀಟರ್ ಇರಬೇಕು ಎಂದು ವಿಧಿಸುತ್ತವೆ. ಉಳಿದ ಆಯ್ಕೆಗಳು ವಿನ್ಯಾಸಕಾರನಿಗೆ ಬಿಟ್ಟದ್ದು. ಅವುಗಳಲ್ಲಿ ಮುಖ್ಯವಾದದ್ದು ರೆಕ್ಕೆಯ ಅಡ್ಡಕೊಯ್ತದ ಆಕಾರ, ಅಂದರೆ ರೆಕ್ಕೆಯನ್ನು ಮುಂದಿನಿಂದ ಹಿಂದಕ್ಕೆ ಕೊಯ್ದು ಪಕ್ಕದಿಂದ ನೋಡಿದರೆ ಕಾಣುವ ಮೀನಿನಂತಹ ಗೆರೆ. ರೆಕ್ಕೆಯ ಪ್ರತಿ ಚದರ ಅಳತೆ ಎಷ್ಟು ಶ್ರಮಪಡುತ್ತಿದೆ ಎಂಬುದನ್ನು ಎತ್ತುಬಲದ ಗುಣಾಂಕ ಎಂಬ ಸಂಖ್ಯೆ ತೋರಿಸುತ್ತದೆ. ಮೇಲಿನ ಉದಾಹರಣೆಯ ವಿಮಾನದಲ್ಲಿ ನೇರ ಹಾದಿಯಲ್ಲಿ ಅದು 0.02ರಷ್ಟೂ ಇರುವುದಿಲ್ಲ, ತಿರುವಿನಲ್ಲಿ ಸುಮಾರು 0.5ಕ್ಕೆ ಏರುತ್ತದೆ. ಒಂದೇ ಅಡ್ಡಕೊಯ್ತವು ಬಹುತೇಕ ಕೆಲಸವೇ ಇಲ್ಲದ ಸ್ಥಿತಿಯಲ್ಲೂ ಮೈಮುರಿದು ದುಡಿಯುವ ಸ್ಥಿತಿಯಲ್ಲೂ ಕಡಿಮೆ ಎಳೆತ ತೋರಬೇಕು. ಇದಕ್ಕಾಗಿ ತೆಳುವಾದ, ಬೆನ್ನು ತುಸುವೇ ಉಬ್ಬಿದ, ಅತಿ ದಪ್ಪದ ಭಾಗ ಸ್ವಲ್ಪ ಹಿಂದಕ್ಕೆ ಸರಿದ ಆಕಾರಗಳನ್ನು ಆರಿಸುತ್ತಾರೆ; ಅಂತಹ ರೆಕ್ಕೆಯ ಮೇಲೆ ಗಾಳಿಯು ಕಲಕದೆ ಪದರಪದರವಾಗಿ ಹೆಚ್ಚು ದೂರ ಹರಿಯುತ್ತದೆ. ಮುಂಚೂಣಿಯ ಅಂಚಿಗೆ ಮೆತ್ತಿದ ಒಂದು ಕೀಟವೂ ಬಣ್ಣದ ಒಂದು ಹನಿಯೂ ಆ ಹರಿವನ್ನು ಕೆಡಿಸಬಲ್ಲವು. ಕಟ್ಟುವವನು ಮೇಲ್ಮೈಯನ್ನು ಉಜ್ಜಿ ನುಣುಪಾಗಿಸಲು ಕಳೆಯುವ ದಿನಗಳು ಬರಿಯ ಅಂದಕ್ಕಾಗಿ ಅಲ್ಲ.

ಇಷ್ಟು ತೆಳುವಾದ ರೆಕ್ಕೆ 64 ಕಿಲೋ ಭಾರವನ್ನು ಹೊರುವ ಬಗೆಯೂ ಲೆಕ್ಕ ಹಾಕಿ ನೋಡಬೇಕಾದ ವಿಷಯ. ಒಂದೂವರೆ ಮೀಟರ್ ಉದ್ದದ ರೆಕ್ಕೆಯ ಪ್ರತಿ ಅರ್ಧಕ್ಕೆ 32 ಕಿಲೋ ಪಾಲಾದರೆ, ಅದರ ಬಾಗುವಿಕೆಯನ್ನು ಬುಡದಲ್ಲಿ ಕೇವಲ 2 ಸೆಂಟಿಮೀಟರ್ ದಪ್ಪದೊಳಗೆ ತಡೆಯಬೇಕಾಗಿ, ಮೇಲ್ಭಾಗದ ಪಟ್ಟಿಯ ಮೇಲೆ ಸುಮಾರು ಅರ್ಧ ಟನ್ ಒತ್ತುಬಲವೂ ಕೆಳಭಾಗದ ಪಟ್ಟಿಯ ಮೇಲೆ ಅಷ್ಟೇ ಎಳೆಬಲವೂ ಬೀಳುತ್ತದೆ. ಸ್ಪಾರ್ ಎಂದು ಕರೆಯುವ ರೆಕ್ಕೆಯ ಈ ಒಳತೊಲೆಗೆ ಉದ್ದಕ್ಕೂ ನೇರವಾಗಿ ಜೋಡಿಸಿದ ಕಾರ್ಬನ್ ನಾರಿನ ಪಟ್ಟಿಗಳನ್ನು ಬಳಸುವುದು ಇದಕ್ಕಾಗಿಯೇ. ಎರಡೂ ಪಟ್ಟಿಗಳು ಒಂದರ ಮೇಲೊಂದು ಜಾರದಂತೆ ನಡುವೆ ಬಾಲ್ಸಾ ಮರದ ಗೋಡೆಯಿರುತ್ತದೆ. ಬಾಲ್ಸಾ ಎಂಬುದು ಹೆಚ್ಚಾಗಿ ಈಕ್ವೆಡಾರಿನಿಂದ ಬರುವ, ನೀರಿಗಿಂತ ಹಲವು ಪಟ್ಟು ಹಗುರವಾದ ಮರ. ರೆಕ್ಕೆ ತಿರುಚಿಕೊಳ್ಳದಂತೆ ತಡೆಯುವ ಕೆಲಸ ಹೊರಚರ್ಮದ್ದು, ಆದ್ದರಿಂದ ಅದರ ಬಟ್ಟೆಯ ನಾರುಗಳನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಹಾಸುತ್ತಾರೆ. ಸ್ಪರ್ಧೆಯ ಉನ್ನತ ಮಟ್ಟದಲ್ಲಿ ಮೊದಲು ರೆಕ್ಕೆಯ ನಿಖರವಾದ ಅಚ್ಚನ್ನು ಮಾಡಿ, ಅದರೊಳಗೆ ಬಣ್ಣ, ಗಾಜಿನ ನಾರು ಅಥವಾ ಕಾರ್ಬನ್ ಬಟ್ಟೆ, ಎಪಾಕ್ಸಿ ಅಂಟುಗಳನ್ನು ಕ್ರಮವಾಗಿ ಹಾಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿ ಹೊರಗಿನ ವಾತಾವರಣದ ಒತ್ತಡದಿಂದಲೇ ಪದರಗಳನ್ನು ಬಿಗಿಯುತ್ತಾರೆ. ಗಟ್ಟಿಯಾದ ಮೇಲೆ ಮೇಲಿನ ಮತ್ತು ಕೆಳಗಿನ ಚಿಪ್ಪುಗಳನ್ನು ಸ್ಪಾರ್ ಸಮೇತ ಕೂಡಿಸುತ್ತಾರೆ. ಅಚ್ಚು ಮಾಡುವ ಅನುಕೂಲವಿಲ್ಲದವರು ಬಿಸಿ ತಂತಿಯಿಂದ ಕೊಯ್ದ ಥರ್ಮೊಕೋಲ್ ತಿರುಳಿನ ಮೇಲೆ ಬಾಲ್ಸಾ ಹಾಳೆ ಅಂಟಿಸಿಯೂ ತೃಪ್ತಿಕರವಾದ ರೆಕ್ಕೆಯನ್ನು ಮಾಡಬಹುದು.

ರೆಕ್ಕೆಯಷ್ಟೇ ಎಚ್ಚರದಿಂದ ಕಟ್ಟಬೇಕಾದದ್ದು ಫಲಕಗಳನ್ನು ಆಡಿಸುವ ವ್ಯವಸ್ಥೆ. ಸರ್ವೊ ಎಂಬ ಪುಟ್ಟ ಮೋಟಾರು ಪೆಟ್ಟಿಗೆಯು ರಿಸೀವರಿನಿಂದ ಬರುವ ವಿದ್ಯುತ್ ಮಿಡಿತದ ಅವಧಿಯನ್ನು ಅಳೆದು ತನ್ನ ತೋಳನ್ನು ತಿರುಗಿಸುತ್ತದೆ. ಸಾಮಾನ್ಯವಾಗಿ ಒಂದೂವರೆ ಮಿಲಿಸೆಕೆಂಡಿನ ಮಿಡಿತಕ್ಕೆ ತೋಳು ನಡುವಿನಲ್ಲಿ ನಿಲ್ಲುತ್ತದೆ. ಹಳೆಯ ಪದ್ಧತಿಯಲ್ಲಿ ಇಂತಹ ಮಿಡಿತ 20 ಮಿಲಿಸೆಕೆಂಡಿಗೊಮ್ಮೆ ಬರುತ್ತಿತ್ತು, ಅಷ್ಟರೊಳಗೆ ಈ ವಿಮಾನ 1.6 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಹೊಸ ಡಿಜಿಟಲ್ ಸರ್ವೊಗಳನ್ನು ಸ್ಪರ್ಧಿಗಳು ಬಯಸುವುದಕ್ಕೆ ಇದೂ ಒಂದು ಕಾರಣ. ಸರ್ವೊ ಮತ್ತು ಫಲಕದ ನಡುವಿನ ಕಡ್ಡಿಯಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಫ್ಲಟರ್ ಉಂಟಾಗುವ ಅಪಾಯವಿದೆ. ಫ್ಲಟರ್ ಎಂದರೆ ಗಾಳಿಯ ರಭಸವೇ ಫಲಕದ ಅಲುಗಾಟಕ್ಕೆ ಶಕ್ತಿಯೂಡಿ ಅದನ್ನು ಕ್ಷಣಕ್ಷಣಕ್ಕೂ ಹಿಗ್ಗಿಸುವ ವಿನಾಶಕಾರಿ ಕಂಪನ. ಸೆಕೆಂಡಿನೊಳಗೇ ಅದು ಬಾಲವನ್ನು ಕಿತ್ತು ಹಾಕಬಲ್ಲದು.

ಎಂಜಿನಿನ ಬಗ್ಗೆ ಹೇಳಬೇಕಾದದ್ದು ಸಂಕ್ಷಿಪ್ತ. ಎಫ್3ಡಿ ವರ್ಗದಲ್ಲಿ ಬಳಸುವುದು 6.6 ಘನ ಸೆಂಟಿಮೀಟರಿನ ಮಿತಿಯೊಳಗಿನ, ಎರಡು ಹೊಡೆತದ, ಗ್ಲೋ ಪ್ಲಗ್ ಎಂಜಿನು. ಅದರ ಪ್ಲಾಟಿನಮ್ ಸುರುಳಿಯ ಸಂಪರ್ಕದಲ್ಲಿ ಮೆಥನಾಲ್ ಆವಿ ತಾನಾಗಿ ಹೊತ್ತಿಕೊಳ್ಳುವುದರಿಂದ ಪ್ರತ್ಯೇಕ ಕಿಡಿ ಬೇಕಿಲ್ಲ. ಪ್ರೊಪೆಲರಿನ ವ್ಯಾಸ ಚಿಕ್ಕದಾಗಿರುವುದಕ್ಕೂ ಕಾರಣವಿದೆ. ನಿಮಿಷಕ್ಕೆ 28,000 ಸುತ್ತು ತಿರುಗುವ 18.5 ಸೆಂಟಿಮೀಟರ್ ವ್ಯಾಸದ ಪ್ರೊಪೆಲರಿನ ತುದಿಯ ವೇಗಕ್ಕೆ ವಿಮಾನದ ಮುನ್ನಡೆಯ ವೇಗವೂ ಕೂಡಿದಾಗ ಅದು ಸೆಕೆಂಡಿಗೆ ಸುಮಾರು 280 ಮೀಟರ್ ಮುಟ್ಟುತ್ತದೆ. ಶಬ್ದದ ವೇಗವಾದ ಸುಮಾರು 340 ಮೀಟರನ್ನು ಸಮೀಪಿಸಿದಷ್ಟೂ ತುದಿಯಲ್ಲಿ ಶಕ್ತಿ ವ್ಯರ್ಥವಾಗುತ್ತದೆ. ಬ್ಯಾಟರಿಯಿಂದ ಹಾರುವ ಪಂದ್ಯಗಳೂ ಈಗ ಇವೆ.

ಪಂದ್ಯದಲ್ಲಿ ಪೈಲಟ್ ಒಬ್ಬಂಟಿಯಲ್ಲ. 180 ಮೀಟರ್ ಆಚೆಗಿನ ಕಂಬವನ್ನು ವಿಮಾನ ದಾಟಿತೇ ಎಂಬುದು ನಿಂತ ಜಾಗದಿಂದ ಕಣ್ಣಿಗೆ ನಿಖರವಾಗಿ ತಿಳಿಯದ ಕಾರಣ, ಪಕ್ಕದಲ್ಲಿರುವ ಸಹಾಯಕನು ಸಂಕೇತ ನೋಡಿ ತಿರುಗಿಸುವ ಕ್ಷಣವನ್ನು ಕೂಗಿ ಹೇಳುತ್ತಾನೆ. ಕಂಬದ ಒಳಗಿನಿಂದ ಒಮ್ಮೆ ನುಸುಳಿದರೆ ಸಮಯಕ್ಕೆ ಶೇಕಡಾ 10 ದಂಡ ಸೇರುತ್ತದೆ. ಪೈಲಟ್, ಸಹಾಯಕ, ತೀರ್ಪುಗಾರರು ಹೆಲ್ಮೆಟ್ ಧರಿಸುವುದು ಒಣ ಶಿಷ್ಟಾಚಾರವಲ್ಲ. ಪೂರ್ಣ ವೇಗದ ಈ ವಿಮಾನದ ಚಲನಶಕ್ತಿಯು 50 ಕಿಲೋ ಸಿಮೆಂಟ್ ಚೀಲವನ್ನು 16 ಮೀಟರ್ ಎತ್ತರದಿಂದ ಕೆಡವಿದಾಗಿನ ಶಕ್ತಿಗೆ ಸಮ.

ಹೊಸದಾಗಿ ಕಟ್ಟಲು ಬಯಸುವವರಿಗೆ ಅಮೆರಿಕದ ಕ್ವಿಕಿ 500 ವರ್ಗದ ಸರಳ ವಿನ್ಯಾಸವೇ ತಕ್ಕದ್ದು. 50 ಇಂಚು ಉದ್ದ, ಬುಡದಿಂದ ತುದಿಯವರೆಗೆ ಒಂದೇ ಸಮನೆ 10 ಇಂಚು ಅಗಲದ ರೆಕ್ಕೆ ಅದರ ಹೆಸರಿನಲ್ಲಿರುವ 500 ಚದರ ಇಂಚನ್ನು ಕೊಡುತ್ತದೆ; ಒಡಲು ಚಪ್ಪಟೆ ಗೋಡೆಗಳ ಪೆಟ್ಟಿಗೆ, ತೂಕ ಸುಮಾರು 1.7 ಕಿಲೋ. ನಿಧಾನವಾದ ತರಬೇತಿ ವಿಮಾನವನ್ನು ನಡೆಸಲು ಚೆನ್ನಾಗಿ ಕಲಿತ ಮೇಲಷ್ಟೇ ಇದಕ್ಕೆ ಕೈ ಹಾಕಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಗಾಳಿಯು ಕರಾವಳಿಯ ಗಾಳಿಗಿಂತ ಶೇಕಡಾ 8ರಷ್ಟು ತೆಳುವಾಗಿರುವುದರಿಂದ, ಮಂಗಳೂರಿನಲ್ಲಿ ಹದಗೊಳಿಸಿದ ಎಂಜಿನಿನ ಇಂಧನ ಸೂಜಿಯನ್ನು ಇಲ್ಲಿ ಮತ್ತೆ ಹೊಂದಿಸಬೇಕಾಗುತ್ತದೆ. ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿಗಳ ವಿಮಾನ ನಿಲ್ದಾಣಗಳು ಸುತ್ತಲೂ ಇರುವ ಈ ನಗರದಲ್ಲಿ, ಹಾರಿಸುವ ಮೊದಲು ಆ ಸ್ಥಳಕ್ಕೆ ಅನುಮತಿ ಇದೆಯೇ ಎಂಬುದನ್ನು ಕೇಂದ್ರ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳುವುದು ಅಗತ್ಯ.

ಕಟ್ಟಿ ಮುಗಿಸಿದ ರೆಕ್ಕೆಗೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬೇಕು. ಕ್ವಿಕಿ 500 ವರ್ಗದ ವಿಮಾನವು ಸೆಕೆಂಡಿಗೆ 40 ಮೀಟರ್ ವೇಗದಲ್ಲಿ 20 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡಾಗ ರೆಕ್ಕೆಯ ಮೇಲೆ ಸುಮಾರು 14 ಕಿಲೋ ಭಾರ ಬೀಳುತ್ತದೆ. ಅದರ ಒಂದೂವರೆ ಪಟ್ಟು, ಅಂದರೆ 21 ಕಿಲೋ, ಹೊರುವಂತಿದ್ದರೆ ಆ ರೆಕ್ಕೆಯನ್ನು ನಂಬಬಹುದು. ಒಡಲು ಕೂರುವ ಜಾಗದಲ್ಲಿ ಮಾತ್ರ ಆಧಾರ ಕೊಟ್ಟು ರೆಕ್ಕೆಯನ್ನು ಬೋರಲಾಗಿ ಮಲಗಿಸಿ, ಸಣ್ಣ ಸಣ್ಣ ಮರಳಿನ ಚೀಲಗಳನ್ನು ಉದ್ದಕ್ಕೂ ಸಮನಾಗಿ ಹರಡುತ್ತ ಹೋಗಬೇಕು. ಅಷ್ಟು ಮರಳನ್ನು ಹೊತ್ತಾಗ ಚಟಚಟ ಸದ್ದು ಮಾಡುವ ಅಥವಾ ಭಾರ ಇಳಿಸಿದ ಮೇಲೆ ಮೊದಲಿನ ನೇರಕ್ಕೆ ಮರಳದ ರೆಕ್ಕೆಯನ್ನು ಮೈದಾನಕ್ಕೆ ಒಯ್ಯಬಾರದು.