ತೂತು ಕಾರ್ಡಿನಿಂದ ಪಹಣಿಯವರೆಗೆ

ಗುಂಡಿ ಒತ್ತಿದರೆ ಸಾಕು, ಕೋಣೆ ತುಂಬ ಗದ್ದಲ. ಒಂದು ಕಡೆ ರಟ್ಟಿನ ಕಾರ್ಡುಗಳು ಪಟಪಟನೆ ಯಂತ್ರದೊಳಗೆ ಓಡುತ್ತವೆ. ಇನ್ನೊಂದು ಕಡೆ ನಿಮಿಷಕ್ಕೆ 600 ಸಾಲು ಹೊಡೆಯುವ ಪ್ರಿಂಟರ್ ಮಾರುದ್ದದ ಕಾಗದ ಉಗುಳುತ್ತದೆ. ಐಬಿಎಂ 1401 ಎಂಬ ಈ ಗಣಕ ಜಗತ್ತಿಗೆ ಪರಿಚಯವಾದದ್ದು 1959ರಲ್ಲಿ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಇಂಥ ಎರಡು ಯಂತ್ರಗಳಿವೆ. ಒಂದು ಜರ್ಮನಿಯಿಂದ ತಂದದ್ದು, ಇನ್ನೊಂದು ಅಮೆರಿಕದ ಕನೆಕ್ಟಿಕಟ್‌ನದು. ಕೆಟ್ಟು ಕೂತಿದ್ದ ಇವನ್ನು ವರ್ಷಗಟ್ಟಲೆ ರಿಪೇರಿ ಮಾಡಿ ಎಬ್ಬಿಸಿದವರು ಸ್ವಯಂಸೇವಕರು, ಬಹುಪಾಲು ನಿವೃತ್ತ ಎಂಜಿನಿಯರುಗಳು. ಮ್ಯೂಸಿಯಂ ಕಟ್ಟಡದ ಬಾಗಿಲ ಸಂಖ್ಯೆಯೂ 1401 ಆಗಿರುವುದು ಬರೀ ಕಾಕತಾಳೀಯ.

ಆ ರಟ್ಟಿನ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಬೇಕು. ಉದ್ದಕ್ಕೆ 80 ಕಂಬಸಾಲು, ಒಂದೊಂದರಲ್ಲಿ ತೂತು ಬೀಳಲು 12 ಜಾಗ. ಅಂಕಿಗೆ ಒಂದು ತೂತು, ಇಂಗ್ಲಿಷ್ ಅಕ್ಷರಕ್ಕೆ ಎರಡು. ಒಂದು ತೂತು ತಪ್ಪಿದರೆ ಕಾರ್ಡು ರದ್ದಿಗೆ. ಹೊಸದನ್ನು ಒತ್ತಬೇಕು.

ಈ ಕಾರ್ಡಿನ ಮೂಲ ಇರುವುದು ಜನಗಣತಿಯಲ್ಲಿ. ಅಮೆರಿಕದ 1880ರ ಗಣತಿಯ ಲೆಕ್ಕ ಮುಗಿಯಲು ಏಳು ವರ್ಷಕ್ಕೂ ಹೆಚ್ಚು ಹಿಡಿದಿತ್ತು. ಆಗ ಹರ್ಮನ್ ಹಾಲರಿತ್ ಎಂಬ ಎಂಜಿನಿಯರ್ ತೂತಿನ ಕಾರ್ಡು ಎಣಿಸುವ ವಿದ್ಯುತ್ ಯಂತ್ರ ಕಟ್ಟಿದ. 1890ರ ಗಣತಿಗೆ ಅದೇ ಆಸರೆಯಾಯಿತು. ಗಣಕ ಎಂದರೆ ವಿಜ್ಞಾನಿಗಳ ಸೊತ್ತು ಎಂದುಕೊಂಡು ಬಂದವರಿಗೆ ಇಲ್ಲಿ ಎದುರಾಗುವುದು ಸರಕಾರಿ ಲೆಕ್ಕಪತ್ರದ ಕಥೆ.

ಪೇಚಿಗೆ ಸಿಕ್ಕ ಯಂತ್ರಗಳೂ ಈ ಮ್ಯೂಸಿಯಂನಲ್ಲಿವೆ. 1969ರಲ್ಲಿ ಹನಿವೆಲ್ ಕಂಪನಿಯ 'ಕಿಚನ್ ಕಂಪ್ಯೂಟರ್' ಹತ್ತು ಸಾವಿರ ಡಾಲರಿಗೂ ಮಿಗಿಲಾದ ಬೆಲೆಗೆ ಮಾರಾಟಕ್ಕೆ ಬಂತು. ಅಡುಗೆ ವಿಧಾನ ನೆನಪಿಟ್ಟುಕೊಂಡು ಹೇಳುವುದು ಅದರ ಕೆಲಸ. ಆದರೆ ಮನೆಯೊಡತಿ ಸ್ವಿಚ್ಚುಗಳಲ್ಲಿ ಕೇಳಿ, ಮಿನುಗುವ ದೀಪಗಳಲ್ಲಿ ಉತ್ತರ ಓದಬೇಕಿತ್ತು! ಒಂದಾದರೂ ಮನೆಗೆ ಮಾರಾಟವಾದ ದಾಖಲೆಯಿಲ್ಲ. ಪಿಡಿಪಿ-1 ಎಂಬ ಗಣಕದ ಕಥೆಯೇ ಬೇರೆ. ಎಂಐಟಿಯ ಹುಡುಗರು 1962ರಲ್ಲಿ ಅದರ ಮೇಲೆ ಬರೆದ 'ಸ್ಪೇಸ್‌ವಾರ್' ಆಟ, ರಿಪೇರಿಯಾದ ಯಂತ್ರದಲ್ಲಿ ಈಗಲೂ ಆಡಲು ಬರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ನೂರು ಯಂತ್ರಗಳಿಗಿಂತ ಓಡುವ ಒಂದು ಯಂತ್ರ ಹೆಚ್ಚು ಕಲಿಸುತ್ತದೆ.

ಸರಕಾರಿ ಲೆಕ್ಕಪತ್ರದ ಈ ಕಥೆಯ ಮುಂದಿನ ಅಧ್ಯಾಯ ಶಹಾಪುರ, ಸುರಪುರದ ರೈತರಿಗೆ ಗೊತ್ತೇ ಇದೆ: ಪಹಣಿ. 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಜಮೀನು ದಾಖಲೆಗಳು ಗಣಕಕ್ಕೇರಿದವು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಕ್ಕೆ ಕಾಯುತ್ತಿದ್ದವರು ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಅಚ್ಚಾದ ಪಹಣಿ ಪಡೆಯತೊಡಗಿದರು.

ಅದಕ್ಕೆ ಮುಂಚೆ ಯಂತ್ರ ಕನ್ನಡ ಕಲಿಯಬೇಕಿತ್ತು. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಲ್ಲೇ ಕನ್ನಡವನ್ನು ಕೂರಿಸಿದರು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಬಳಕೆಗೆ ಬಂದದ್ದು ಅದೇ ವಿನ್ಯಾಸ. ಡಿಟಿಪಿ ಅಂಗಡಿಗಳಲ್ಲಿ ಅರ್ಜಿ, ಲಗ್ನಪತ್ರಿಕೆ, ಕರಪತ್ರ ಹೊಡೆಯುವ ಬೆರಳುಗಳಿಗೆ ಅದು ಕಣ್ಣುಮುಚ್ಚಿದರೂ ಬರುತ್ತದೆ.

ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ತಂದೆ-ತಾಯಿ ಸಿಲಿಕಾನ್ ಕಣಿವೆಯತ್ತ ಹೋದರೆ ಈ ಮ್ಯೂಸಿಯಂಗೆ ಅರ್ಧ ದಿನ ಎತ್ತಿಡಬಹುದು. 1401 ಓಡಿಸಿ ತೋರಿಸುವ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಊರಲ್ಲೇ ಇರುವವರಿಗೂ ಒಂದು ಕೆಲಸವಿದೆ. ಹಳೆಯ ಡಿಟಿಪಿ ಗಣಕ, ಮೊದಲ ನುಡಿಯ ಸಿ.ಡಿ., ಫ್ಲಾಪಿ ಅಟ್ಟದ ಮೇಲಿದ್ದರೆ ಗುಜರಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಗಣಕ ವಿಭಾಗಕ್ಕೆ ಕೊಡಿ, ಅದರಲ್ಲಿ ಕೆಲಸ ಮಾಡಿದವರ ಹೆಸರು, ಇಸವಿ ಬರೆದ ಚೀಟಿಯನ್ನೂ ಅಂಟಿಸಿ.