ಆತ್ಮೋನ್ನತಿಯ ಬೋಧಕರೂ ದೇವರ ಕೃಪೆಯೂ

ಹಳೇ ವಿದ್ಯಾರ್ಥಿನಿಯೊಬ್ಬಳ ತಾಯಿಯವರು ಕಳೆದ ವರ್ಷ ನಮ್ಮನ್ನು ಕಾಣಬಂದಾಗ ಒಂದು ಸಂಗತಿಯನ್ನು ವಿಚಾರಿಸಿದರು. ಅವರ ಮಗಳು ದಿನಾಲು ಬೆಳಗಿನ ಐದು ಘಂಟೆಗೆ ಎದ್ದು, ಮೊಬೈಲು ಫೋನಿನಲ್ಲಿ ಒಬ್ಬ ಬೋಧಕರ ಮಾತುಗಳನ್ನು ಕೇಳಿ, ಅವರು ಹೇಳಿಕೊಟ್ಟಂತೆ ತನ್ನ ಗುರಿಗಳನ್ನು ಪುಸ್ತಕದಲ್ಲಿ ಬರೆದು, ತಾನು ಜಯಶಾಲಿನಿಯೆಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳಂತೆ. ಇದರಲ್ಲಿ ಕೆಡುಕೇನಾದರೂ ಉಂಟೋ ಎಂಬುದು ಅವರ ಪ್ರಶ್ನೆ. ಬೇಗನೆ ಏಳುವದರಲ್ಲಿ ಕೆಡುಕೇನೆಂದು ನಾವು ನಕ್ಕುಬಿಟ್ಟೆವು. ಆ ಹುಡುಗಿಯು ಪರೀಕ್ಷೆಯಲ್ಲಿ ತೇರ್ಗಡೆ ಹೊಂದದೆ, ತನ್ನ ಮನೋಬಲ ಸಾಲದ್ದರಿಂದಲೇ ಹೀಗಾಯಿತೆಂದೆಣಿಸಿ ಎರಡು ತಿಂಗಳು ಯಾರೊಡನೆಯೂ ಮಾತಾಡದೆ ಇದ್ದಳೆಂದು ಕೇಳಿದಾಗ ನಮ್ಮ ನಗೆಯು ನಮಗೇ ನಾಚಿಕೆಯನ್ನು ತಂದಿತು. ಆದಕಾರಣ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಈ ಪ್ರಶ್ನೆಯು ಸಭೆಗೆ ಹೊಸದಲ್ಲ. ಕ್ರಿ. ಶ. 410ರಲ್ಲಿ ಗೋಥರು ರೋಮ್ ಪಟ್ಟಣವನ್ನು ಸೂರೆಮಾಡಿದಾಗ ಅನಿಕಿಯ ಎಂಬ ಮಹಾಕುಲದ ಹೆಂಗಸರು ಕಡಲು ದಾಟಿ ಆಫ್ರಿಕದ ಕಾರ್ಥೇಜಿಗೆ ಹೋದರು. ಅಜ್ಜಿಯ ಹೆಸರು ಪ್ರೋಬಳು, ತಾಯಿಯ ಹೆಸರು ಯೂಲಿಯಾನಳು, ಮಗಳು ದೆಮೇತ್ರಿಯಳು. ಮದುವೆಯ ಸಿದ್ಧತೆ ನಡೆದಿರುವಾಗ ಮಗಳು ಕನ್ನಿಕೆಯಾಗಿಯೇ ದೇವರನ್ನು ಸೇವಿಸುವೆನೆಂದು 413ರ ಸುಮಾರಿಗೆ ವ್ರತವನ್ನು ಕೈಕೊಂಡಳು. ಮಗಳಿಗೆ ಬುದ್ಧಿವಾದವನ್ನು ಬರೆದು ಕಳುಹಿಸಬೇಕೆಂದು ತಾಯಿಯು ಆ ಕಾಲದ ಹೆಸರಾಂತ ಬೋಧಕರನ್ನು ಕೇಳಿಕೊಂಡಳು. ಬೆತ್ಲೆಹೇಮಿನಿಂದ ಜೆರೋಮನು ಬರೆದನು. ಬ್ರಿಟನ್ ದೇಶದವನಾದ ಪೆಲಾಗಿಯನೂ ಬರೆದನು.

ಪೆಲಾಗಿಯನು ಕಪಟಿಯೆಂದು ನಾವು ಹೇಳುವದಿಲ್ಲ. ಹೆಸರಿಗೆ ಮಾತ್ರ ಕ್ರೈಸ್ತರಾಗಿದ್ದವರ ಸೋಮಾರಿತನವನ್ನು ಕಂಡು ನೊಂದವನು ಅವನು. ಮನುಷ್ಯಸ್ವಭಾವದಲ್ಲಿ ಎಷ್ಟು ಬಲವಿದೆಯೆಂಬದನ್ನು ಮೊದಲು ತೋರಿಸಿಕೊಡುವದೇ ಅವನ ಪದ್ಧತಿ. ಕುಲವೂ ಐಶ್ವರ್ಯವೂ ಹಿರಿಯರಿಂದ ಬಂದವು, ಆತ್ಮದ ಸಂಪತ್ತನ್ನಾದರೋ ಆಕೆಯ ಹೊರತು ಬೇರೆ ಯಾರೂ ಆಕೆಗೆ ಕೊಡಲಾರರು ಎಂಬುದು ಅವನ ಪತ್ರದ ಒಂದು ಮಾತಿನ ತಾತ್ಪರ್ಯ. ಎಳೆಯ ಮನಸ್ಸಿಗೆ ಇದಕ್ಕಿಂತ ಉತ್ಸಾಹಕರವಾದದ್ದು ಯಾವದಿದ್ದೀತು!

ಹಿಪ್ಪೋ ಪಟ್ಟಣದ ಬಿಷಪನಾದ ಅಗಸ್ಟಿನನು ಈ ಮಾತಿನಲ್ಲಿಯೇ ಅಪಾಯವನ್ನು ಕಂಡನು. ತನ್ನ ಮನೆಯವರು ಎಂದೂ ದುರ್ಬೋಧೆಗೆ ಸಿಕ್ಕಿದವರಲ್ಲವೆಂದು ಯೂಲಿಯಾನಳು ಬರೆದಿದ್ದಳು. (ತಾಯಂದಿರ ಈ ಧೈರ್ಯವು ನಮಗೆ ಚೆನ್ನಾಗಿ ಪರಿಚಿತವಾದದ್ದೇ.) ಅಗಸ್ಟಿನನು ತನ್ನ ಸ್ನೇಹಿತ ಅಲಿಪಿಯನೊಡನೆ ಆಕೆಗೆ ಗೌರವದಿಂದಲೇ ಉತ್ತರ ಬರೆದನು. ಆ ಸಂಪತ್ತು ಮಗಳಲ್ಲಿರುವದು ಸತ್ಯ, ಆದರೆ ಅದು ಮಗಳಿಂದ ಹುಟ್ಟಿದ್ದಲ್ಲ, ದೇವರಿಂದ ಪಡೆದದ್ದು ಎಂಬುದೇ ಅದರ ಸಾರಾಂಶ. ಸ್ವಭಾವವೂ ದೇವರ ವರವೇ ಎಂದು ಪೆಲಾಗಿಯನೂ ಒಪ್ಪುತ್ತಿದ್ದನು. ಆದರೆ ಆ ಸ್ವಭಾವವೇ ಒಳಗೆ ಬಳಲಿ ಬಿದ್ದಿರುವಾಗ ಎತ್ತುವ ಕೈ ಬೇರೊಂದು ಬೇಕೆಂಬದನ್ನು ಅವನು ಸಾಕಷ್ಟು ಎಣಿಸಲಿಲ್ಲ. ಬಲವೆಲ್ಲ ತನ್ನದೇ ಎಂದು ಕಲಿತವಳು ಸೋತಾಗ ದೋಷವೂ ಎಲ್ಲ ತನ್ನದೇ ಆಗುತ್ತದೆ. ಮೊರೆಯಿಡುವದಕ್ಕೆ ಆಕೆಗೆ ಬಾಯಿ ಬರುವದಿಲ್ಲ. ನಮ್ಮ ಹುಡುಗಿಯ ಎರಡು ತಿಂಗಳ ಮೌನವು ಇದೇ. 418ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪರು ಪೆಲಾಗಿಯನ ಬೋಧೆಯನ್ನು ತಳ್ಳಿಹಾಕಿದರು.

ತಳ್ಳಿದ್ದು ಮತ್ತೆ ಮತ್ತೆ ಬಂತು. ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಸದ್ಗುಣಗಳ ಪಟ್ಟಿಯನ್ನು ಮಾಡಿ, ತಪ್ಪಿದ ದಿನ ಕಪ್ಪು ಚುಕ್ಕೆಯನ್ನಿಡುತ್ತಿದ್ದನು. ದೀನತೆಯು ಆ ಪಟ್ಟಿಯ ಕಡೆಯದು. ಅಹಂಕಾರವನ್ನು ಗೆದ್ದರೂ ಗೆದ್ದ ದೀನತೆಗಾಗಿಯೇ ಅಹಂಕರಿಸುವೆನೇನೋ ಎಂದು ಅವನೇ ಒಪ್ಪಿಕೊಂಡದ್ದು ಅವನ ಪ್ರಾಮಾಣಿಕತೆ. ಸಾಮ್ಯುಯಲ್ ಸ್ಮೈಲ್ಸನು 1859ರಲ್ಲಿ ಸ್ವಾವಲಂಬನವನ್ನು ಕುರಿತು ಬರೆದ ಗ್ರಂಥದ ವಿಷಯದಲ್ಲಿ ನಮಗೆ ಹೆಚ್ಚು ತಕರಾರಿಲ್ಲ. ಅವನು ಬೆವರು ಸುರಿಸಿ ದುಡಿಯಿರೆಂದನು. 1952ರಲ್ಲಿ ನ್ಯೂಯಾರ್ಕಿನ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ ಮನೋಭಾವದ ಶಕ್ತಿಯನ್ನು ಕುರಿತು ಬರೆದಾಗ ಅದು ಪ್ರಸಂಗಪೀಠದ ಮಾತಿನೊಡನೆ ಬೆರೆಯಿತು. 2006ರಲ್ಲಿ ಬಂದ ರೋಂಡಾ ಬರ್ನಳ ಪುಸ್ತಕವು ಬಯಸಿದ್ದನ್ನು ಮನಸ್ಸೇ ಸೆಳೆದು ತರುವದೆಂದು ಹೇಳಿತು. ಬೆವರು ಕೂಡ ಬೇಡವಾಯಿತು.

ಈಗಿನ ಯೂಟ್ಯೂಬಿನ ಬೋಧಕರಲ್ಲಿ ಕೆಲವರು ವೇದವಾಕ್ಯಗಳನ್ನೂ ಸೇರಿಸಿ ಮಾತಾಡುತ್ತಾರೆ. ತಾಯ್ತಂದೆಗಳು ಅದನ್ನು ಕೇಳಿ ಸಮಾಧಾನಪಡುತ್ತಾರೆ. ಸೋತವಳಿಗೆ ಈ ಬೋಧಕನು ಏನು ಹೇಳುತ್ತಾನೆ ಎಂದು ಅವರು ಒಮ್ಮೆ ಕಿವಿಗೊಟ್ಟು ಕೇಳಲೆಂದು ನಮ್ಮ ಕೋರಿಕೆ. ಇನ್ನೂ ಗಟ್ಟಿಯಾಗಿ ನಂಬೆಂದು ಹೇಳಿ ಮುಂದಿನ ತರಗತಿಗೆ ಹಣ ಕಟ್ಟಿಸುವನೋ? ಲಕ್ಷ ಜನರು ಹಿಂಬಾಲಿಸುವ ಬೋಧಕನಿಗೆ ನಿಮ್ಮ ಮಗಳ ಹೆಸರು ಗೊತ್ತಿಲ್ಲ. ಆಕೆ ಒಂದು ವಾರ ಕಾಣದಿದ್ದರೆ ಆತನು ಬಾಗಿಲಿಗೆ ಬರುವದಿಲ್ಲ. ಬಡ ಸಭಾಪಾಲಕನಾದರೋ ಬರುತ್ತಾನೆ, ಪ್ರಸಂಗವು ನೀರಸವಾಗಿದ್ದರೂ.

ಇದನ್ನು ಬರೆಯುವ ನಾವೂ ನಿರ್ದೋಷಿಗಳಲ್ಲ. ನಮ್ಮ ಪಡಸಾಲೆಯ ಹಲಗೆಯ ಮೇಲೆ ಮೊದಲನೆಯ ತರಗತಿಯಲ್ಲಿ ತೇರ್ಗಡೆಯಾದವರ ಹೆಸರುಗಳು ಮಾತ್ರ ಬಂಗಾರದ ಬಣ್ಣದಲ್ಲಿವೆ.

ದೆಮೇತ್ರಿಯಳು ರೋಮಿಗೆ ತಿರುಗಿ ಹೋದಳು. ಲಿಯೋ ಪೋಪನ ಕಾಲದಲ್ಲಿ ಲತೀನ ರಸ್ತೆಯ ಬಳಿಯಲ್ಲಿದ್ದ ತಮ್ಮ ಭೂಮಿಯಲ್ಲಿ ಸ್ತೆಫನನ ಹೆಸರಿನ ದೇವಾಲಯವನ್ನು ಆಕೆ ಕಟ್ಟಿಸಿದಳು. ಹತ್ತೊಂಬತ್ತನೆಯ ಶತಮಾನದಲ್ಲಿ ಅಗೆದಾಗ ಅದರ ಪಾಯವೂ ಆಕೆಯ ಹೆಸರುಳ್ಳ ಶಾಸನವೂ ಸಿಕ್ಕಿದವು. ನಮ್ಮ ಹುಡುಗಿಯು ಪರೀಕ್ಷೆಗೆ ಮತ್ತೆ ಕೂತಿದ್ದಾಳೆ, ಭಾನುವಾರಗಳಲ್ಲಿ ಚಿಕ್ಕ ಮಕ್ಕಳಿಗೆ ಸಂಡೇಸ್ಕೂಲಿನ ಪಾಠ ಹೇಳುತ್ತಾಳೆ. ಐದು ಘಂಟೆಗೆ ಏಳುವದನ್ನು ಮಾತ್ರ ಬಿಟ್ಟಿಲ್ಲವೆಂದು ಅವಳ ತಾಯಿಯವರು ಹೇಳಿದರು.