ಇನ್ನೆಷ್ಟು ದಿನದ ನೀರಿದೆ?

1991ರ ಜನವರಿಯ ಉತ್ತರಾರ್ಧ. ಕುವೈತನ್ನು ಹಿಡಿದಿಟ್ಟುಕೊಂಡಿದ್ದ ಇರಾಕಿ ಸೇನೆ ಅಲ್ಲಿನ ತೈಲ ಬಂದರುಗಳ ಕವಾಟಗಳನ್ನು ತೆರೆದು ಕಚ್ಚಾತೈಲವನ್ನು ಸಮುದ್ರಕ್ಕೆ ಹರಿಯಬಿಟ್ಟಿತು. ಕಡಿಮೆ ಅಂದಾಜಿನಲ್ಲೂ ಅದು ಹತ್ತಾರು ಲಕ್ಷ ಬ್ಯಾರೆಲ್. ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ಆ ಎಣ್ಣೆಯನ್ನು ಸೌದಿ ಅರೇಬಿಯದ ಕರಾವಳಿಗುಂಟ ದಕ್ಷಿಣಕ್ಕೆ ತಳ್ಳತೊಡಗಿತು. ಆ ದಾರಿಯಲ್ಲಿ ಜುಬೈಲ್ ಇತ್ತು. ರಾಜಧಾನಿ ರಿಯಾದ್‌ನ ಲಕ್ಷಾಂತರ ಜನ ಕುಡಿಯುತ್ತಿದ್ದದ್ದು ಜುಬೈಲಿನ ಘಟಕದಲ್ಲಿ ಉಪ್ಪು ಬಿಡಿಸಿದ ಸಮುದ್ರದ ನೀರನ್ನು.

ಘಟಕವು ನೀರು ಎಳೆದುಕೊಳ್ಳುವ ಬಾಯಿಯ ಸುತ್ತ ತೇಲುವ ತಡೆಬೇಲಿಗಳನ್ನು ಹಾಕಲಾಯಿತು. ಮೇಲ್ಪದರದ ಎಣ್ಣೆಯನ್ನು ಬಳಿದು ತೆಗೆಯುವ ದೋಣಿಗಳು ಬಂದವು. ಅಮೆರಿಕದ ಎಫ್-111 ವಿಮಾನಗಳು ಕುವೈತಿನ ಅಹ್ಮದಿಯಲ್ಲಿದ್ದ ತೈಲ ಕೊಳವೆ ಜಾಲದ ಕೀಲುಗಳ ಮೇಲೆ ಬಾಂಬು ಹಾಕಿ ಹರಿವನ್ನು ತಗ್ಗಿಸಿದವು. ಇಷ್ಟರ ಜತೆಗೆ ಭೂಗೋಳವೂ ಕೈಹಿಡಿಯಿತು. ಜುಬೈಲಿನ ಉತ್ತರಕ್ಕೆ ಸಮುದ್ರದೊಳಗೆ ಚಾಚಿಕೊಂಡಿರುವ ಅಬು ಅಲಿ ದ್ವೀಪದ ಮಗ್ಗುಲಿಗೆ ಎಣ್ಣೆಯ ಬಹುಭಾಗ ಬಂದು ಸಿಕ್ಕಿಕೊಂಡಿತು. ಅಲ್ಲಿನ ಜೌಗುನೆಲ, ಏಡಿಗಳು, ಹಕ್ಕಿಗಳು ಬಲಿಯಾದವು. ರಿಯಾದ್‌ನ ನಲ್ಲಿಗಳು ಉಳಿದವು.

ಕುವೈತಿಗೆ ಆ ಅದೃಷ್ಟ ಇರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿನ ವಿದ್ಯುತ್ ಮತ್ತು ನೀರಿನ ಸ್ಥಾವರಗಳ ಬಹುಪಾಲು ಹಾಳಾಗಿತ್ತು. ಉರಿಯುವ ನೂರಾರು ತೈಲಬಾವಿಗಳ ಚಿತ್ರ ಜಗತ್ತೆಲ್ಲ ಹರಡಿತು, ಕುಡಿಯುವ ನೀರನ್ನು ಹೊರದೇಶಗಳಿಂದ ತರಿಸಿಕೊಳ್ಳಬೇಕಾದ ಕಥೆ ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಹಿಂದೆಯೂ ಕುವೈತ್ ಹಾಗೆಯೇ ಬದುಕಿತ್ತು. 20ನೇ ಶತಮಾನದ ಮೊದಲರ್ಧದಲ್ಲಿ ಇರಾಕಿನ ಶತ್ ಅಲ್ ಅರಬ್ ನದಿಯ ಸಿಹಿನೀರನ್ನು ಹಾಯಿಹಡಗುಗಳು ತುಂಬಿಕೊಂಡು ಬರುತ್ತಿದ್ದವು. 1953ರಲ್ಲಿ ಮೊದಲ ಉಪ್ಪು ಬಿಡಿಸುವ ಘಟಕ ಶುರುವಾದ ಮೇಲಷ್ಟೇ ಆ ನದಿಯ ಹಂಗು ತಪ್ಪಿತು. ಇಂದು ಕುವೈತಿನ ಕುಡಿಯುವ ನೀರಿನಲ್ಲಿ ಸುಮಾರು ಶೇ 90 ಸಮುದ್ರದ್ದೇ. ನದಿಯ ಹಂಗು ಹೋಗಿ ಯಂತ್ರದ ಹಂಗು ಬಂತು.

ಆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದರೆ ಯುದ್ಧಕಾಲದಲ್ಲಿ ಅದು ಎಲ್ಲೆಲ್ಲಿ ಸೋಲುತ್ತದೆ ಎಂಬುದೂ ತಿಳಿಯುತ್ತದೆ. ಹಳೆಯ ವಿಧಾನದಲ್ಲಿ ಸಮುದ್ರದ ನೀರನ್ನು 90ರಿಂದ 110 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಸಾಲಾಗಿ ಜೋಡಿಸಿದ ಕೋಣೆಗಳ ಮೂಲಕ ಹಾಯಿಸುತ್ತಾರೆ. ಪ್ರತಿ ಕೋಣೆಯಲ್ಲೂ ಒತ್ತಡ ಹಿಂದಿನದಕ್ಕಿಂತ ಕಡಿಮೆ. ಒತ್ತಡ ಇಳಿದರೆ ನೀರು ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಹಾಗಾಗಿ ಹೊಸದಾಗಿ ಬೆಂಕಿ ಕೊಡದೆಯೇ ಪ್ರತಿ ಕೋಣೆಯಲ್ಲೂ ಒಂದಿಷ್ಟು ನೀರು ತಟ್ಟನೆ ಹಬೆಯಾಗುತ್ತದೆ. ಆ ಹಬೆ ತಣ್ಣನೆಯ ಕೊಳವೆಗಳ ಮೇಲೆ ಹನಿಗಟ್ಟಿ ಸಿಹಿನೀರಾಗುತ್ತದೆ. ಮೊದಲಿಗೆ ಬೇಕಾದ ಶಾಖ ಪಕ್ಕದ ವಿದ್ಯುತ್ ಸ್ಥಾವರದ ಹಬೆಯಿಂದ ಬರುತ್ತದೆ. ಇಂಧನದ ಮಟ್ಟಿಗೆ ಇದು ಜಾಣ ಏರ್ಪಾಟು. ಯುದ್ಧದ ಮಟ್ಟಿಗೆ ಹೇಳುವುದಾದರೆ, ದೀಪ ಮತ್ತು ನೀರು ಎರಡೂ ಒಂದೇ ಕಾಂಪೌಂಡಿನೊಳಗೆ ಸೇರಿದವು.

ಹೊಸ ವಿಧಾನ ಆರ್‌ಒ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕೊಡಪಾನ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದೊಳಗೆ ಇರುವ ತತ್ತ್ವವೇ ಇಲ್ಲಿಯೂ ಇರುವುದು. ಆದರೆ ಸಮುದ್ರದ ಉಪ್ಪು ಬೋರ್‌ವೆಲ್ ನೀರಿನ ಉಪ್ಪಿಗಿಂತ ಎಷ್ಟೋ ಪಟ್ಟು ಹೆಚ್ಚು. ಅದನ್ನು ಹಿಂದೆ ಬಿಟ್ಟು ನೀರನ್ನಷ್ಟೇ ಸೂಕ್ಷ್ಮ ಪೊರೆಯೊಂದರ ಮೂಲಕ ತಳ್ಳಲು ವಾಯುಮಂಡಲದ 55ರಿಂದ 70 ಪಟ್ಟು ಒತ್ತಡ ಬೇಕು. ಸಾವಿರ ಲೀಟರ್ ಸಿಹಿನೀರಿಗೆ ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ರಿಯಾದ್ ಇರುವುದು ಕರಾವಳಿಯಿಂದ ನಾನೂರು ಕಿಲೋಮೀಟರಿನಷ್ಟು ಒಳಗೆ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಸಾವಿರ ಲೀಟರ್ ನೀರನ್ನು ಅಷ್ಟೆತ್ತರಕ್ಕೆ ಏರಿಸಲು, ಪಂಪು ಕೊಳವೆಗಳಲ್ಲಿ ಆಗುವ ನಷ್ಟವನ್ನು ಬಿಟ್ಟರೂ, ಇನ್ನೂ ಒಂದೂವರೆ ಯೂನಿಟ್ ಮೇಲೆಯೇ ಬೇಕು. ವಿದ್ಯುತ್ ನಿಂತರೆ ನೀರು ತಯಾರಾಗುವುದಿಲ್ಲ, ತಯಾರಾದ ನೀರು ಊರು ಮುಟ್ಟುವುದೂ ಇಲ್ಲ.

ಬಾಂಬು ನೇರವಾಗಿ ಬೀಳಲೇಬೇಕೆಂದಿಲ್ಲ. ಎಣ್ಣೆ ಒಳಸೇರಿದರೆ ಆರ್‌ಒ ಪೊರೆಯ ರಂಧ್ರಗಳು ಮುಚ್ಚಿಹೋಗುತ್ತವೆ. ಹಬೆಯ ವಿಧಾನದಲ್ಲಾದರೆ ಬೆಂಜೀನ್‌ನಂಥ ಬೇಗ ಆವಿಯಾಗುವ ವಿಷವಸ್ತುಗಳು ಹಬೆಯ ಜತೆಯಲ್ಲೇ ಸಿಹಿನೀರಿಗೆ ಬಂದುಬಿಡುತ್ತವೆ. 2008–09ರಲ್ಲಿ ಯುದ್ಧವೇ ಇಲ್ಲದಿದ್ದಾಗ ಸಮುದ್ರದಲ್ಲಿ ಕೆಂಪು ಪಾಚಿ ಹಬ್ಬಿ ಕೊಲ್ಲಿ ದೇಶಗಳ ಹಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಈ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ. ಹೊರಸಮುದ್ರಕ್ಕೆ ಹೋಗುವ ಬಾಗಿಲು ಇಕ್ಕಟ್ಟಾದ ಹಾರ್ಮುಜ್ ಜಲಸಂಧಿ ಒಂದೇ. ಒಳಗೆ ಬಿದ್ದ ಹೊಲಸು ಬೇಗ ಹೊರಗೆ ಹೋಗುವುದಿಲ್ಲ. ಇರಾನಿನ ಬುಶೆಹರ್ ಪರಮಾಣು ಸ್ಥಾವರ ಇದೇ ದಡದಲ್ಲಿದೆ. ಟೆಹ್ರಾನ್‌ಗಿಂತ ಕುವೈತ್ ನಗರ ಅದಕ್ಕೆ ಹತ್ತಿರ. ಅಲ್ಲಿಂದ ಸೋರಿಕೆಯಾದರೆ ವಿಕಿರಣಶೀಲ ಸೀಸಿಯಂ ಅನ್ನು ಆರ್‌ಒ ಪೊರೆ ಬಹುಮಟ್ಟಿಗೆ ತಡೆದೀತು. ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಮಾತ್ರ ನೀರಿನ ಅಣುವಿನ ಭಾಗವೇ ಆಗಿಬಿಡುವುದರಿಂದ ಅದನ್ನು ಯಾವ ಪೊರೆಯೂ ಸೋಸಲಾರದು.

ದೊಡ್ಡ ಘಟಕ ಕಟ್ಟಿದಷ್ಟೂ ನೀರು ಅಗ್ಗ. ಎರಡು ಮೂರು ದಶಕ ಎಲ್ಲರೂ ಈ ಲೆಕ್ಕವನ್ನೇ ನಂಬಿದರು. ಪರಿಣಾಮ ಏನೆಂದರೆ, 2008ರಲ್ಲಿ ಅಮೆರಿಕದ ರಾಯಭಾರ ಕಚೇರಿ ಕಳಿಸಿದ, ಆಮೇಲೆ ವಿಕಿಲೀಕ್ಸ್ ಮೂಲಕ ಬಯಲಾದ ಪತ್ರವೊಂದು ಹೀಗೆ ಎಚ್ಚರಿಸಿತ್ತು: ರಿಯಾದ್‌ನ ಕುಡಿಯುವ ನೀರಿನ ಶೇ 90ಕ್ಕೂ ಹೆಚ್ಚು ಜುಬೈಲ್ ಒಂದರಿಂದಲೇ ಬರುತ್ತಿದೆ, ಅದಕ್ಕೆ ಭಾರಿ ಪೆಟ್ಟು ಬಿದ್ದರೆ ಒಂದು ವಾರದೊಳಗೆ ನಗರವನ್ನು ತೆರವು ಮಾಡಬೇಕಾದೀತು. ಆಮೇಲೆ ರಾಸ್ ಅಲ್ ಖೈರ್ ಘಟಕ ಬಂದು ಹೊರೆ ಹಂಚಿಕೊಂಡಿತು. ಆದರೂ 2019ರ ಸೆಪ್ಟೆಂಬರ್‌ನಲ್ಲಿ ಅಬ್ಕೈಕ್ ತೈಲ ಸಂಸ್ಕರಣಾ ಕೇಂದ್ರದ ಮೇಲೆ ಡ್ರೋನ್, ಕ್ಷಿಪಣಿಗಳು ಬಿದ್ದು ಸೌದಿಯ ಅರ್ಧದಷ್ಟು ತೈಲೋತ್ಪಾದನೆ ಒಂದೇ ದಿನದಲ್ಲಿ ನಿಂತದ್ದನ್ನು ನೆನೆದರೆ ಧೈರ್ಯ ಬರುವುದಿಲ್ಲ. ಆಗ ತೈಲದ ಕೊರತೆಯನ್ನು ಸಂಗ್ರಹದಿಂದ ತುಂಬಿಸಿದರು. ನೀರಿಗೆ ಅಂಥ ಸಂಗ್ರಹ ಎಲ್ಲಿದೆ?

ಕತಾರ್ ಈ ಪ್ರಶ್ನೆಯನ್ನು ಗಂಭೀರವಾಗಿ ಹಾಕಿಕೊಂಡಿತು. ಸಮುದ್ರ ಕಲುಷಿತವಾದರೆ ಮೂರು ದಿನಕ್ಕೆ ನೀರು ಮುಗಿಯುತ್ತದೆ ಎಂದು ಹಿಂದೆ ಲೆಕ್ಕ ಹಾಕಿದ್ದನ್ನು ಅಲ್ಲಿನ ಪ್ರಧಾನಿ 2025ರ ಮಾರ್ಚ್‌ನಲ್ಲಿ ಸಂದರ್ಶನವೊಂದರಲ್ಲಿ ಬಿಚ್ಚಿ ಹೇಳಿದರು. ಆ ಲೆಕ್ಕದಿಂದ ಹುಟ್ಟಿದ್ದು ಏಳು ದಿನದ ನೀರು ಹಿಡಿದಿಡುವ ಗುರಿಯ ಭಾರಿ ಕಾಂಕ್ರೀಟ್ ಜಲಾಗಾರಗಳು. ಅಬುಧಾಬಿ ಇನ್ನೂ ದೂರ ಯೋಚಿಸಿತು. ಲಿವಾ ಮರುಭೂಮಿಯ ಮರಳಿನಡಿಗೆ 27 ತಿಂಗಳ ಕಾಲ ಸಿಹಿನೀರು ಇಂಗಿಸಿ 2 ಕೋಟಿ 60 ಲಕ್ಷ ಘನ ಮೀಟರ್ ಸಂಗ್ರಹಿಸಿತು. ಅಲ್ಲಿ ಬಿಸಿಲಿಗೆ ಆರಿಹೋಗುವ ಭಯವಿಲ್ಲ, ಡ್ರೋನಿಗೆ ಗುರಿಯಾಗಿ ಕಾಣುವ ಗೋಡೆಯಿಲ್ಲ. ಅಗತ್ಯ ಬಿದ್ದರೆ 315 ಬಾವಿಗಳಿಂದ ಮೇಲೆತ್ತಿ ಹತ್ತು ಲಕ್ಷ ಜನರಿಗೆ ದಿನಕ್ಕೆ ತಲಾ 180 ಲೀಟರಿನಂತೆ 90 ದಿನ ಕೊಡಬಹುದು. ಈ ಯುಗದ ಅತ್ಯುತ್ತಮ ರಕ್ಷಣಾ ಕಾಮಗಾರಿಗಳಲ್ಲಿ ಇದೂ ಒಂದು ಎಂದು ನನ್ನ ಎಣಿಕೆ. ಕ್ಷಿಪಣಿ ತಡೆಯುವ ಕ್ಷಿಪಣಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಇಂಥ ಬಾವಿಗಳಿಗೂ ಹೋಗಬೇಕು.

ಕಾಗದದ ಮೇಲೆ ಕಾನೂನೂ ಇದೆ. ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಶಿಷ್ಟಾಚಾರದ 54ನೇ ವಿಧಿ ನಾಗರಿಕರ ಬದುಕಿಗೆ ಅಗತ್ಯವಾದ ಕುಡಿಯುವ ನೀರಿನ ಸ್ಥಾವರಗಳ ಮೇಲೆ ದಾಳಿಯನ್ನು ನಿಷೇಧಿಸುತ್ತದೆ. ಆದರೆ ಪಕ್ಕದ ವಿದ್ಯುತ್ ಸ್ಥಾವರವನ್ನು ಸೇನಾ ಗುರಿ ಎಂದು ವಾದಿಸಿ ಹೊಡೆಯುವವರಿಗೆ, ಎರಡೂ ಒಂದೇ ಕಾಂಪೌಂಡಿನಲ್ಲಿರುವುದು ಅನುಕೂಲವಾಗಿಬಿಡುತ್ತದೆ.

ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. ಮಗ ದಮ್ಮಾಮಿನಲ್ಲಿ, ಅಳಿಯ ದೋಹಾದಲ್ಲಿ. 1990ರಲ್ಲಿ ಕುವೈತಿನಿಂದ ಭಾರತೀಯರನ್ನು ಕರೆತಂದಾಗ ಸಂಖ್ಯೆ 1.7 ಲಕ್ಷ ದಾಟಿತ್ತು, ಕೆಲಸ ಮುಗಿಯಲು ಎರಡು ತಿಂಗಳ ಹತ್ತಿರ ಹಿಡಿಯಿತು. ಇಂದು ಕೊಲ್ಲಿ ದೇಶಗಳಲ್ಲಿರುವ ಭಾರತೀಯರು 80 ಲಕ್ಷಕ್ಕೂ ಹೆಚ್ಚು. ಅಷ್ಟು ಜನರನ್ನು ಏಳು ದಿನದಲ್ಲಿ ಯಾವ ವಿಮಾನವೂ ಹೊತ್ತು ತರಲಾರದು. ಹಾಗಾಗಿ ಅವರ ಸುರಕ್ಷತೆಯ ಯೋಜನೆ ಶುರುವಾಗಬೇಕಾದದ್ದು ಅವರು ಇರುವ ಕಡೆಯಲ್ಲೇ: ಯಾವ ಕಾರ್ಮಿಕ ವಸತಿಯಲ್ಲಿ ಎಷ್ಟು ಲೀಟರಿನ ತೊಟ್ಟಿ ಇದೆ, ಅದು ಎಷ್ಟು ಜನಕ್ಕೆ, ಪೈಪು ಬತ್ತಿದರೆ ಟ್ಯಾಂಕರ್ ಎಲ್ಲಿಂದ ಬರಬೇಕು. ಇದನ್ನು ನಮ್ಮ ರಾಯಭಾರ ಕಚೇರಿಗಳು ಶಾಂತಿಯ ದಿನಗಳಲ್ಲೇ ಕೇಳಿ ಬರೆದಿಟ್ಟುಕೊಳ್ಳಬಹುದು.